ಪ್ರಮಾಣಪತ್ರ ಅಲ್ಲಿಯದು, ಬದುಕು ಇಲ್ಲಿಯದು

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ, ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)





ಕಲಿಕೆಗೆ ವಯಸ್ಸಿಲ್ಲ ಎಂದು ವೇದಿಕೆಯ ಮೇಲೆ ನಿಂತು ಹೇಳುವುದು ಸುಲಭ. ಆದರೆ ಅರ್ಜಿಗೆ ವಯಸ್ಸಿದೆ, ನೇಮಕಾತಿಗೆ ವಯಸ್ಸಿದೆ, ವಿದ್ಯಾರ್ಥಿವೇತನಕ್ಕೂ ವಯಸ್ಸಿದೆ. ಇಂದು ನಾವು ಮಕ್ಕಳ ವಿಷಯವನ್ನು ಸ್ವಲ್ಪ ಬದಿಗಿಟ್ಟು, ಆ ವಯಸ್ಸು ದಾಟಿದವರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಮಕ್ಕಳು ಬೇಸರಿಸಬಾರದು. ಇದು ನಿಮ್ಮ ತಾಯಿಯ ಕಥೆಯೂ ಆಗಿರಬಹುದು, ನಿಮ್ಮ ಮಾವನ ಕಥೆಯೂ ಆಗಿರಬಹುದು.

ಪ್ರತಿ ವರ್ಷ ಅರ್ಜಿ ಕೊಡುವ ದಿನಗಳಲ್ಲಿ ನಮ್ಮ ಕಚೇರಿಯ ಬೆಂಚಿನ ಮೇಲೆ ಎಸೆಸೆಲ್ಸಿ, ಪಿಯುಸಿ, ಡಿಗ್ರಿ, ಐಟಿಐ ಮಕ್ಕಳು ತುಂಬಿರುತ್ತಾರೆ. ಈಚಿನ ವರ್ಷಗಳಲ್ಲಿ ಅವರ ನಡುವೆ ಇನ್ನೊಂದು ಬಗೆಯವರು ಕಾಣಿಸುತ್ತಿದ್ದಾರೆ. ಮೂವತ್ತೈದು, ನಲವತ್ತು, ಕೆಲವರಿಗೆ ಇನ್ನೂ ಹೆಚ್ಚು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಮಗನ ಅರ್ಜಿ, ಮಗಳ ಅರ್ಜಿ ಎಂದು ಮೊದಲು ಹೇಳುತ್ತಾರೆ. ಉಳಿದವರೆಲ್ಲ ಎದ್ದು ಹೋದ ಮೇಲೆ ಫೈಲು ಬಿಚ್ಚಿ, ತಗ್ಗಿದ ದನಿಯಲ್ಲಿ, "ಇದು ನನ್ನದು, ಇದರಿಂದ ಇಲ್ಲಿ ಏನಾದರೂ ಆಗುತ್ತದೆಯೇ?" ಎಂದು ಕೇಳುತ್ತಾರೆ. ಒಳಗೆ ಬೇರೆ ದೇಶದ ಮುದ್ರೆ ಬಿದ್ದ ಡಿಪ್ಲೊಮಾ, ಅರಬಿಯಲ್ಲಿ ಬರೆದ ಸರ್ಟಿಫಿಕೇಟು, ಹತ್ತು ಹದಿನೈದು ವರ್ಷದ ಅನುಭವ ಪತ್ರ.

ಇವರು ಯಾಕೆ ಬಂದರು ಎಂಬುದು ಕರಾವಳಿಯ ಮನೆಮನೆಗೂ ಗೊತ್ತಿರುವ ಸಂಗತಿ. 2017ರ ಜುಲೈಯಿಂದ ಸೌದಿ ಅರೇಬಿಯಾದಲ್ಲಿ, ದುಡಿಯಲು ಹೋದವರ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯನ ಮೇಲೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರುತ್ತ 2020ರ ಜುಲೈಗೆ ಅದು 400 ರಿಯಾಲ್ ಆಯಿತು. ಹೆಂಡತಿ ಮತ್ತು ಮೂವರು ಮಕ್ಕಳಿರುವ ಮನೆಗೆ ತಿಂಗಳಿಗೆ 1,600 ರಿಯಾಲ್. ಅಷ್ಟರಲ್ಲಿ ಕೊರೋನಾ ಬಂತು. ಕೆಲವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು, ಕೆಲವರು ತಾವೇ ಫೈನಲ್ ಎಕ್ಸಿಟ್ ಪಡೆದು ಬಂದರು. ಮನೆ ಸಾಮಾನು ಕಾರ್ಗೋದಲ್ಲಿ ಬಂತು. ಅಲ್ಲಿ ಸಂಪಾದಿಸಿದ ಓದು ಮಾತ್ರ ಕಸ್ಟಮ್ಸ್ ದಾಟಲಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಗಲ್ಫ್‌ನಲ್ಲಿ ಓದಿದ್ದೆಲ್ಲ ಇಲ್ಲಿ ನಡೆಯುವುದಿಲ್ಲ ಎಂಬ ಭಯ ಬೇಡ. ಅಲ್ಲಿನ ಭಾರತೀಯ ಶಾಲೆಯಲ್ಲಿ ಸಿಬಿಎಸ್‌ಇ ಹತ್ತು, ಹನ್ನೆರಡು ಮುಗಿಸಿದವರ ಪ್ರಮಾಣಪತ್ರ ಭಾರತದ್ದೇ. ವಿದೇಶಿ ಬೋರ್ಡ್ ಅಥವಾ ವಿದೇಶಿ ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ತತ್ಸಮಾನ ಪ್ರಮಾಣಪತ್ರ ಬೇಕು. ಬಹುಕಾಲ ಈ ಕೆಲಸವನ್ನು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು, ಮಾಡುತ್ತ ಬಂದಿದೆ. 2025ರ ಏಪ್ರಿಲ್‌ನಲ್ಲಿ ಯುಜಿಸಿ ಇದಕ್ಕಾಗಿಯೇ ಹೊಸ ನಿಯಮಗಳನ್ನು ಹೊರಡಿಸಿದೆ. ಆದರೆ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಮುಂತಾದ ವೃತ್ತಿಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅವುಗಳಿಗೆ ಆಯಾ ಕೌನ್ಸಿಲ್‌ನ ಬಾಗಿಲನ್ನೇ ತಟ್ಟಬೇಕು. ಯಾವ ಬಾಗಿಲು ಎಂದು ತಿಳಿಯದೆ ಎರಡು ಮೂರು ವರ್ಷ ಅಲೆದವರನ್ನು ನಾವು ನೋಡಿದ್ದೇವೆ.

ಹೆಸರು, ಊರು ಹೇಳದೆ ಮೂವರ ವಿಷಯ ಹೇಳುತ್ತೇವೆ.

ಒಬ್ಬ ಸಹೋದರಿ. ಪಿಯುಸಿ ಇಲ್ಲೇ ಮುಗಿಸಿ, ಮದುವೆಯಾಗಿ ಗಲ್ಫ್‌ಗೆ ಹೋದರು. ಅಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವ ಡಿಪ್ಲೊಮಾ ಮಾಡಿದರು. ಒಂಬತ್ತು ವರ್ಷ ಪಾಠ ಹೇಳಿದರು. ಊರಿಗೆ ಬಂದು ಒಂದು ಶಾಲೆಗೆ ಹೋದಾಗ, ಈ ಡಿಪ್ಲೊಮಾ ಇಲ್ಲಿ ಲೆಕ್ಕಕ್ಕಿಲ್ಲ, ಬೇಕಾದರೆ ಆಯಾ ಕೆಲಸ ಇದೆ ಎಂದರಂತೆ. ಮನೆಗೆ ಬಂದು ಆ ಮಾತನ್ನು ಯಾರಿಗೂ ಹೇಳಲಿಲ್ಲ. ನಮ್ಮಲ್ಲಿಗೆ ಬಂದಾಗ ಅವರ ಲೆಕ್ಕಾಚಾರ ಹೀಗಿತ್ತು: ಮೂರು ವರ್ಷ ಡಿಗ್ರಿ, ಎರಡು ವರ್ಷ ಬಿ.ಎಡ್., ಒಟ್ಟು ಐದು ವರ್ಷ. ಅಷ್ಟು ತಾಳ್ಮೆ ಮನೆಯವರಿಗಿಲ್ಲ, ಅಷ್ಟು ಹಣ ತನ್ನಲ್ಲಿಲ್ಲ.

ಸಮಿತಿಯಲ್ಲಿ ನಾವು ಕೆಲವರು ಜೀವನವಿಡೀ ಕರಿಹಲಗೆಯ ಮುಂದೆ ನಿಂತವರು. ಯಾವ ತರಗತಿಗೆ ಕಲಿಸುವ ಆಸೆ ಎಂದು ಮೊದಲು ಕೇಳಿದೆವು. ಸಣ್ಣ ಮಕ್ಕಳಿಗೆ ಎಂದರು. ಹಾಗಾದರೆ ಬಿ.ಎಡ್. ದಾರಿಯೇ ಅವರಿಗೆ ಹೊಂದುವುದಿಲ್ಲ. ಬಿ.ಎಡ್. ಮಾಡಿದವರು ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಅದಕ್ಕೆ ಬೇಕಾದದ್ದು ಪಿಯುಸಿಯ ನಂತರದ ಎರಡು ವರ್ಷದ ಡಿ.ಇಎಲ್.ಎಡ್., ಆಮೇಲೆ ಟಿಇಟಿ. ಟಿಇಟಿ 150 ಅಂಕದ ಪರೀಕ್ಷೆ, ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು, ಒಮ್ಮೆ ಪಾಸಾದರೆ ಜೀವನಪೂರ್ತಿ ಊರ್ಜಿತ. ಐದು ವರ್ಷದ ದಾರಿ ಎರಡು ವರ್ಷಕ್ಕಿಳಿಯಿತು. ಇದಕ್ಕೆ ಟ್ರಸ್ಟ್‌ನ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಅರ್ಧ ಗಂಟೆ ಎದುರು ಕುಳಿತು ಮಾತನಾಡಿದ್ದಷ್ಟೇ.

ಎರಡನೆಯವರು ವಿದೇಶದಲ್ಲಿ ವೈದ್ಯಕೀಯ ಓದಿದ ಒಬ್ಬ ಸಹೋದರಿ. ಓದು ಮುಗಿದ ಕೂಡಲೇ ಮದುವೆ, ಮಕ್ಕಳು, ಗಂಡನ ಜೊತೆ ಹೊರದೇಶ. ಊರಿಗೆ ಬಂದಾಗ ವಯಸ್ಸು ಮೂವತ್ತಾರು. ಊರವರು ಡಾಕ್ಟರ್ ಎಂದು ಕರೆಯುತ್ತಾರೆ, ಔಷಧಿಯ ಒಂದು ಚೀಟಿ ಬರೆಯುವ ಹಕ್ಕು ಇಲ್ಲ. ನೋಂದಣಿ ಇಲ್ಲದೆ ಚಿಕಿತ್ಸೆ ಕೊಡುವುದು ಅಪರಾಧ. ನೋಂದಣಿಗೆ ಎಫ್‌ಎಂಜಿಇ ಪಾಸಾಗಬೇಕು. ವರ್ಷಕ್ಕೆ ಎರಡು ಸಲ ನಡೆಯುವ ಪರೀಕ್ಷೆ, 300 ಪ್ರಶ್ನೆ, 150 ಸರಿಯಾಗಬೇಕು. ಹೆಚ್ಚಿನ ಸುತ್ತುಗಳಲ್ಲಿ ಬರೆದವರ ಅರ್ಧದಷ್ಟು ಜನವೂ ಪಾಸಾಗುವುದಿಲ್ಲ. ನಿನ್ನೆ ಮೊನ್ನೆ ಕಾಲೇಜು ಬಿಟ್ಟವರಿಗೇ ಕಷ್ಟ. ಹತ್ತು ವರ್ಷ ಪುಸ್ತಕ ಮುಟ್ಟದವರಿಗೆ, ಎರಡು ಮಕ್ಕಳಿಗೆ ಬುತ್ತಿ ಕಟ್ಟಿ ಆಮೇಲೆ ಓದಲು ಕೂರುವವರಿಗೆ ಹೇಗಿರಬೇಡ? ಅವರು ಟ್ರಸ್ಟ್‌ನಲ್ಲಿ ಕೇಳಿದ್ದು ಎರಡೇ. ಪರೀಕ್ಷೆಯ ಶುಲ್ಕಕ್ಕೆ ನೆರವು, ಬೆಳಿಗ್ಗೆ ಮೂರು ಗಂಟೆ ಕುಳಿತು ಓದಲು ಒಂದು ಜಾಗ. ಮನೆಯಲ್ಲಿ ಕೋಣೆ ಇಲ್ಲದೆ ಅಲ್ಲ. ಮನೆಯಲ್ಲಿ ಕೂತರೆ ಯಾರಾದರೂ ಕರೆಯುತ್ತಲೇ ಇರುತ್ತಾರೆ.

ಮೂರನೆಯವರು ಒಬ್ಬ ಸಹೋದರ, ನಲವತ್ತನಾಲ್ಕು ವರ್ಷ. ದೊಡ್ಡ ಕಟ್ಟಡಗಳಲ್ಲಿ ಎಸಿ ಪ್ಲಾಂಟ್ ನೋಡಿಕೊಳ್ಳುತ್ತಿದ್ದವರು. ಹದಿನೆಂಟು ವರ್ಷದ ಅನುಭವ, ಕಂಪನಿ ಕೊಡಿಸಿದ ಒಂದು ವಿದೇಶಿ ಡಿಪ್ಲೊಮಾ, ಇಲ್ಲಿನ ಶಿಕ್ಷಣ ಒಂಬತ್ತನೇ ತರಗತಿಗೆ ನಿಂತಿದೆ. ಅವರ ಕೈಕೆಳಗೆ ಕೆಲಸ ಕಲಿತ ಹುಡುಗರು ಇಂದು ಐಟಿಐ ಸರ್ಟಿಫಿಕೇಟು ಹಿಡಿದು ಅವರಿಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದಾರೆ. ಇವರಿಗೆ ಎರಡು ದಾರಿಗಳಿವೆ. ಒಂದು, ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್. ಹದಿನಾಲ್ಕು ವರ್ಷ ತುಂಬಿದ ಯಾರೂ ಅಲ್ಲಿ ಹತ್ತನೇ ತರಗತಿಗೆ ಸೇರಬಹುದು, ಮೇಲಿನ ವಯೋಮಿತಿ ಇಲ್ಲ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಇನ್ನೊಂದು, ಕೇಂದ್ರ ಸರ್ಕಾರದ ಕೌಶಲ ಯೋಜನೆಯಲ್ಲಿರುವ ಆರ್‌ಪಿಎಲ್. ಹಿಂದೆಯೇ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಅದು. ಕೆಲಸ ಬರುತ್ತದೆ, ಕಾಗದ ಇಲ್ಲ ಎನ್ನುವವರಿಗೆ ಹೊಂದುವಂಥದ್ದು. ಎರಡನ್ನೂ ಒಟ್ಟಿಗೆ ಮಾಡಬಹುದು.

ಮೂವರ ಓದು ಬೇರೆ ಬೇರೆ, ನೋವು ಒಂದೇ. ಕಲಿತದ್ದು ತಲೆಯಲ್ಲಿದೆ, ಕೈಯಲ್ಲಿದೆ. ಅದನ್ನು ನಂಬುವವರಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡು ಎಂದರೆ ಅಲ್ಲಿಯವರೆಗೆ ಬದುಕಿದ್ದಕ್ಕೆ ಲೆಕ್ಕವೇ ಇಲ್ಲದಂತೆ ಅನ್ನಿಸುತ್ತದೆ. ಆದ್ದರಿಂದಲೇ ಹೆಚ್ಚಿನವರು ಫೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ.

ಇದು ನಮ್ಮ ಪರಂಪರೆಯ ದಾರಿಯಲ್ಲ. ಮೊದಲ ವಹೀ ಬಂದದ್ದು ಓದಿನ ಆಜ್ಞೆಯೊಂದಿಗೆ, ಆಗ ಪ್ರವಾದಿ(ಸ)ಯವರ ವಯಸ್ಸು ನಲವತ್ತು. ಬದ್ರ್‌ನಲ್ಲಿ ಸೆರೆಸಿಕ್ಕವರ ಪೈಕಿ ಓದು ಬರಹ ಬಲ್ಲವರು ಮದೀನಾದ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರೆಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಎದುರಾಳಿಗಳೇ ಆದರೂ ಅವರ ವಿದ್ಯೆಗೆ ಬೆಲೆ ಸಿಕ್ಕಿತು. ಹದಿನಾಲ್ಕನೇ ಶತಮಾನದಲ್ಲಿ ಮೊರೊಕ್ಕೊದ ಇಬ್ನ್ ಬತೂತ ದೆಹಲಿಗೆ ಬಂದಾಗ, ಎಲ್ಲೋ ದೂರದಲ್ಲಿ ಓದಿದ ಅವರನ್ನು ಮುಹಮ್ಮದ್ ಬಿನ್ ತುಘಲಕ್ ಖಾಝಿಯಾಗಿ ನೇಮಿಸಿದರು. ಅದೇ ಬತೂತ ನಮ್ಮ ಕರಾವಳಿಗೂ ಬಂದವರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಬರೆದಿಟ್ಟಿದ್ದಾರೆ. ಇಂದಿನ ಕಾಲದಲ್ಲಿ ಕಾನೂನು, ಕೌನ್ಸಿಲ್, ಪರೀಕ್ಷೆ ಬೇಕೇ ಬೇಕು. ರೋಗಿಯ ಜೀವ, ಮಗುವಿನ ಭವಿಷ್ಯ ಅದರಲ್ಲಿದೆ. ಆ ನಿಯಮಗಳನ್ನು ನಾವು ದೂರುವುದಿಲ್ಲ. ನಿಯಮದ ಈಚೆ ನಿಂತವರನ್ನು ಆಚೆ ದಾಟಿಸುವುದು ಸಮುದಾಯದ ಕೆಲಸ ಎನ್ನುತ್ತೇವೆ, ಅಷ್ಟೇ.

ಈಗ ದಾನಿಗಳಲ್ಲಿ ಒಂದು ಮಾತು. ನಿಮ್ಮಲ್ಲೇ ಒಬ್ಬ ಹಿರಿಯರು ನೇರವಾಗಿ ಕೇಳಿದರು: "ಹದಿನೇಳರ ಹುಡುಗಿಗೆ ಕೊಟ್ಟರೆ ಅವಳು ನಲವತ್ತು ವರ್ಷ ದುಡಿಯುತ್ತಾಳೆ. ನಲವತ್ತೆರಡರವರಿಗೆ ಕೊಟ್ಟರೆ ಹದಿನೈದು ವರ್ಷ. ಇರುವ ಹಣ ಕಡಿಮೆ. ಯಾರಿಗೆ ಕೊಡಬೇಕು?" ಪ್ರಶ್ನೆ ನ್ಯಾಯವಾದದ್ದು. ನಾವು ಸಮಿತಿಯಲ್ಲಿ ಇದನ್ನು ಹಲವು ಸಲ ಚರ್ಚಿಸಿದ್ದೇವೆ.

ನಮ್ಮ ಉತ್ತರ ಹೀಗಿದೆ. ಮೊದಲನೆಯದಾಗಿ, ಮಕ್ಕಳ ನಿಧಿಯಿಂದ ಒಂದು ಪೈಸೆಯನ್ನೂ ತೆಗೆಯುವುದಿಲ್ಲ. ಮರಳಿ ಓದುವವರಿಗೆ ಬೇರೆಯೇ ನಿಧಿ, ಬೇರೆಯೇ ಲೆಕ್ಕಪುಸ್ತಕ. ಎರಡನೆಯದಾಗಿ, ಇವರಿಗೆ ಬೇಕಾದ ಮೊತ್ತ ದೊಡ್ಡದಲ್ಲ. ಇಡೀ ಕೋರ್ಸ್‌ನ ಫೀಸು ಕೇಳುವವರು ಕಡಿಮೆ. ಅರಬಿ ಸರ್ಟಿಫಿಕೇಟಿನ ಅನುವಾದ, ಅಟೆಸ್ಟೇಶನ್, ತತ್ಸಮಾನ ಅರ್ಜಿಯ ಶುಲ್ಕ, ಪರೀಕ್ಷಾ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚು. ಕಟ್ಟಡ ಪೂರ್ತಿ ಕಟ್ಟಿ ಆಗಿದೆ, ಮೆಟ್ಟಿಲು ಮಾತ್ರ ಬಾಕಿ. ಮೂರನೆಯದಾಗಿ, ತಾಯಿ ಮೇಜಿನ ಮುಂದೆ ಕೂತು ಓದುವ ಮನೆಯಲ್ಲಿ ಮಕ್ಕಳಿಗೆ ಓದು ಎಂದು ಗದರಬೇಕಾಗುವುದಿಲ್ಲ. ಇದಕ್ಕೆ ಅಂಕಿಅಂಶ ಕೇಳಬೇಡಿ, ತರಗತಿಯಲ್ಲಿ ನಿಂತ ಯಾವ ಶಿಕ್ಷಕರನ್ನು ಬೇಕಾದರೂ ಕೇಳಿ.

ಹಾಗಾಗಿ ಈ ವರ್ಷದಿಂದ ನಮ್ಮ ಅರ್ಜಿ ನಮೂನೆಯಲ್ಲಿ ಎರಡು ಬದಲಾವಣೆ ಇದೆ. ಮರಳಿ ಓದುವವರ ವಿಭಾಗಕ್ಕೆ ವಯೋಮಿತಿ ಇಲ್ಲ. "ತಂದೆಯ ಸಹಿ" ಇದ್ದ ಜಾಗದಲ್ಲಿ ಅರ್ಜಿದಾರರದ್ದೇ ಸಹಿ ಸಾಕು. ನಲವತ್ತು ವರ್ಷದ ಹೆಂಗಸು ತೀರಿಹೋದ ಬಾಪಾನ ಸಹಿಯನ್ನು ಎಲ್ಲಿಂದ ತರಬೇಕು? ನೆರವನ್ನು ಹಾಗೆಯೇ ಪಡೆಯಲು ಮನಸ್ಸಿಲ್ಲದವರು ಕರ್ಝೆ ಹಸನ್ ಆಗಿ ಪಡೆಯಬಹುದು. ಬಡ್ಡಿ ಇಲ್ಲ, ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ಮರಳಿಸಿದರೆ ಆ ಹಣ ಇನ್ನೊಬ್ಬರಿಗೆ ಹೋಗುತ್ತದೆ. ದುಡಿದು ಉಂಡವರಿಗೆ ಕೈಚಾಚುವುದು ಕಷ್ಟ, ಅವರ ಮಾನ ಉಳಿಯಬೇಕು. ಯಾರಿಗೆ ಝಕಾತ್‌ನಿಂದ, ಯಾರಿಗೆ ಸದಕದಿಂದ ಎಂಬುದನ್ನು ಉಲೆಮಾಗಳಲ್ಲಿ ಕೇಳಿಯೇ ನಿರ್ಧರಿಸಲಾಗುವುದು.

ಕಹಿಯಾದ ಒಂದು ಮಾತನ್ನೂ ಹೇಳಬೇಕು. ಎಲ್ಲ ಬಾಗಿಲೂ ತೆರೆಯುವುದಿಲ್ಲ. ಯಾವುದೋ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇನ್ನಾರೋ ಬಾಡಿಗೆ ಕಟ್ಟಡದಲ್ಲಿ ನಡೆಸಿದ ಫ್ರಾಂಚೈಸಿ ಕೋರ್ಸ್‌ಗೆ ಯುಜಿಸಿ ನಿಯಮದಲ್ಲಿ ತತ್ಸಮಾನತೆ ಇಲ್ಲ. ಎಷ್ಟು ಹಣ ಸುರಿದರೂ ಅದು ಊರ್ಜಿತವಾಗುವುದಿಲ್ಲ. ಅಂಥವರಿಗೆ ನಾವು ಮೊದಲ ದಿನವೇ ಹಾಗೆಂದು ಹೇಳುತ್ತೇವೆ. ಆಸೆ ಹುಟ್ಟಿಸಿ ಎರಡು ವರ್ಷ ಓಡಾಡಿಸುವುದಕ್ಕಿಂತ ಅಂದೇ ಹೊಸ ಕೋರ್ಸ್‌ನ ಅರ್ಜಿ ತುಂಬಿಸುವುದು ಮೇಲು. ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆ ಇಲ್ಲದೆ ಮಾರ್ಕ್ಸ್‌ಕಾರ್ಡ್, ಮನೆಬಾಗಿಲಿಗೇ ತತ್ಸಮಾನ ಪತ್ರ ಎನ್ನುವ ಏಜೆಂಟರ ಮಾತಿಗೆ ದಯವಿಟ್ಟು ಮರುಳಾಗಬೇಡಿ. ಅಲ್ಲಿ ಹೋಗುವುದು ಹಣ ಮಾತ್ರವಲ್ಲ, ಹೆಸರೂ ಹೋಗುತ್ತದೆ. ಕೆಲಸ ಮಾಡುತ್ತಲೇ ಡಿಗ್ರಿ ಮಾಡಬೇಕೆನ್ನುವವರಿಗೆ ನೇರ ದಾರಿಗಳಿವೆ: ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೋ, ಉರ್ದುವಿನಲ್ಲಿ ಓದುವವರಿಗೆ ಹೈದರಾಬಾದಿನ ಮೌಲಾನಾ ಆಝಾದ್ ವಿಶ್ವವಿದ್ಯಾಲಯ. ಆಯಾ ವರ್ಷ ಆ ಕೋರ್ಸ್‌ಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಅನುಮತಿ ಇದೆಯೇ ಎಂದು ನೋಡಿಯೇ ಸೇರಬೇಕು. ಅನುಮತಿ ಇರುವ ದೂರಶಿಕ್ಷಣದ ಡಿಗ್ರಿ, ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ.

ಇನ್ನೂ ಹೊರದೇಶದಲ್ಲಿರುವವರಿಗೆ, ಇಲ್ಲಿಂದ ಮಕ್ಕಳನ್ನು ಹೊರಗೆ ಓದಲು ಕಳಿಸುವವರಿಗೆ ನಮ್ಮ ಕೋರಿಕೆ: ಸೇರುವ ಮೊದಲೇ ಈ ಓದು ಭಾರತದಲ್ಲಿ ನಡೆಯುತ್ತದೆಯೇ ಎಂದು ಆಯಾ ಕೌನ್ಸಿಲ್‌ನ ನಿಯಮ ನೋಡಿ. ಊರಿಗೆ ಮರಳುವ ಮುನ್ನ, ಇಕಾಮ ಚಾಲ್ತಿಯಲ್ಲಿರುವಾಗಲೇ, ಪ್ರಮಾಣಪತ್ರ, ಅಂಕಪಟ್ಟಿ, ಪಠ್ಯಕ್ರಮದ ಪ್ರತಿ, ಅನುಭವ ಪತ್ರ ಎಲ್ಲವನ್ನೂ ಅಲ್ಲೇ ದೃಢೀಕರಿಸಿಕೊಳ್ಳಿ. ಒಮಾನ್, ಬಹರೈನ್, ಸೌದಿ ಅರೇಬಿಯಾ ಹೇಗ್ ಒಪ್ಪಂದಕ್ಕೆ ಸೇರಿರುವುದರಿಂದ ಅಲ್ಲಿ ಅಪೊಸ್ಟಿಲ್ ಮುದ್ರೆ ಪಡೆಯಬಹುದು. ಉಳಿದ ಕಡೆ ಅಲ್ಲಿನ ವಿದೇಶಾಂಗ ಇಲಾಖೆ ಮತ್ತು ನಮ್ಮ ರಾಯಭಾರ ಕಚೇರಿಯ ದಾರಿ ಹಿಡಿಯಬೇಕು. ಇಲ್ಲಿ ಕುಳಿತು ಅಲ್ಲಿನ ಕಾಗದ ತರಿಸುವುದು ಬಹಳ ಕಷ್ಟ.

ಕೊನೆಯದಾಗಿ ಮನೆಯವರಿಗೆ. ಟ್ರಸ್ಟ್ ಫೀಸು ಕಟ್ಟಬಹುದು, ಸಮಯ ಕೊಡಲಾರದು. ಅದು ನಿಮ್ಮ ಕೈಯಲ್ಲಿದೆ. ಸೊಸೆ ಓದಲು ಕೂತಾಗ ಬಾಗಿಲು ತಟ್ಟದಿರುವುದೂ ಸದಕವೇ. ಗಂಡ ಒಂದು ಹೊತ್ತು ಮಕ್ಕಳನ್ನು ನೋಡಿಕೊಂಡರೆ ಅವನ ಗೌರವ ಕಡಿಮೆಯಾಗುವುದಿಲ್ಲ. ಈ ವಯಸ್ಸಿನಲ್ಲಿ ಯಾಕೆ ಎಂದು ನೆರೆಯವರು ಕೇಳಿದರೆ ಉತ್ತರಿಸುವ ಕೆಲಸವನ್ನು ಓದುವವರ ಮೇಲೆ ಹಾಕಬೇಡಿ, ನೀವೇ ಉತ್ತರ ಕೊಡಿ. ಸರ್ಕಾರಿ ನೇಮಕಾತಿಗೆ ವಯೋಮಿತಿ ಇರುವುದು ನಿಜ. ಆದರೆ ಖಾಸಗಿ ಶಾಲೆ, ಆಸ್ಪತ್ರೆ, ವರ್ಕ್‌ಶಾಪ್, ಸ್ವಂತ ಉದ್ಯೋಗ ಇವೆಲ್ಲ ಇನ್ನೂ ಇವೆ. ನೀಟ್ ಪರೀಕ್ಷೆಗೇ ಮೇಲಿನ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಮನೆಯೊಳಗೆ ಮಾತ್ರ ನಾವು ಯಾಕೆ ವಯೋಮಿತಿ ಇಟ್ಟುಕೊಂಡಿರಬೇಕು?

ಮರಳಿ ಓದುವವರ ಅರ್ಜಿ ನಮೂನೆ ಇಂದಿನಿಂದಲೇ ಕಚೇರಿಯಲ್ಲಿ ಸಿಗುತ್ತದೆ. ತರಬೇಕಾದದ್ದು: ಇರುವ ಎಲ್ಲ ಪ್ರಮಾಣಪತ್ರಗಳ ಮೂಲ ಮತ್ತು ನಕಲು, ಅನುಭವ ಪತ್ರ, ಆಧಾರ್, ರೇಷನ್ ಕಾರ್ಡಿನ ಪ್ರತಿ. ಮುದ್ರೆ ಅರಬಿಯಲ್ಲಿದ್ದರೂ ಸರಿ, ಒಂದು ಹಾಳೆ ಕಳೆದುಹೋಗಿದ್ದರೂ ಸರಿ, ಇದ್ದಷ್ಟನ್ನು ತನ್ನಿ. ಶನಿವಾರ ಮಧ್ಯಾಹ್ನ ಸಮಿತಿಯ ನಿವೃತ್ತ ಶಿಕ್ಷಕರು ಇಬ್ಬರು ಮೂವರು ಕಚೇರಿಯಲ್ಲಿರುತ್ತೇವೆ. ಮಹಿಳೆಯರು ಮಾತನಾಡಲು ಪ್ರತ್ಯೇಕ ಕೋಣೆ ಇದೆ. ದಾನಿಗಳು ಈ ನಿಧಿಗೆ ಕೊಡುವಾಗ ರಸೀದಿಯ ಮೇಲೆ "ಮರಳಿ ಓದುವವರಿಗೆ" ಎಂದು ಬರೆಸಿ. ಮುಂದಿನ ವರದಿಯಲ್ಲಿ ಎಷ್ಟು ಬಂತು, ಎಷ್ಟು ಜನರಿಗೆ ಹೋಯಿತು, ಯಾರೂ ಪಾಸಾಗದಿದ್ದರೆ ಅದನ್ನೂ ನಿಮ್ಮ ಮುಂದಿಡುತ್ತೇವೆ, ಇನ್‌ಶಾ ಅಲ್ಲಾಹ್.

ಕೊಟ್ಟವರ ದಾನವನ್ನೂ ಓದುವವರ ಶ್ರಮವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್. ವಸ್ಸಲಾಮ್.